ಕಟ್ಟಡ ನಿಯಂತ್ರಣದ ಲೋಪ: ದೂರಿಗೂ ಉಂಟು ಗಡುವು

ದಾವಣಗೆರೆ: ಅನುಮತಿ ಇಲ್ಲದೆ ಎದ್ದ ಗೋಡೆಗೆ ವಯಸ್ಸಾದಂತೆಲ್ಲ ಅದು ತಾನಾಗಿಯೇ ಸಕ್ರಮವಾಗುತ್ತದೆ ಎಂಬ ನಂಬಿಕೆ ಹಳ್ಳಿಯಲ್ಲೂ ಇದೆ, ನಗರದಲ್ಲೂ ಇದೆ. ಕಾನೂನು ಹೇಳುವುದು ಇದಕ್ಕೆ ತದ್ವಿರುದ್ಧ. ಕಟ್ಟಡದ ಅಕ್ರಮವನ್ನು ಕಾಲ ಅಳಿಸುವುದಿಲ್ಲ. ಆದರೆ ಆ ಅಕ್ರಮವನ್ನು ಕಂಡೂ ಸುಮ್ಮನಿದ್ದ ಅಧಿಕಾರಿಯ ಮೇಲೆ ದೂರು ನೀಡಲು ನಾಗರಿಕರಿಗೆ ಇರುವ ಅವಕಾಶಕ್ಕೆ ಮಾತ್ರ ಗಡುವು ಇದೆ. ಮುಖ್ಯವಾದ ಒಂದು ದಾರಿಯಲ್ಲಿ ಆ ಗಡುವು ಕೇವಲ 6 ತಿಂಗಳು.

ಈ ವ್ಯತ್ಯಾಸ ತಿಳಿಯದೆ ಕಚೇರಿಯಿಂದ ಕಚೇರಿಗೆ ಅಲೆಯುತ್ತ ಕಾಲ ಕಳೆದವರು ಕೊನೆಗೆ ಎದುರಿಸುವುದು ‘ದೂರು ಕಾಲಮಿತಿ ಮೀರಿದೆ’ ಎಂಬ ಒಂದು ಸಾಲಿನ ಹಿಂಬರಹವನ್ನು. ಗ್ರಾಮ ಪಂಚಾಯಿತಿ, ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ, ಮಹಾನಗರ ಪಾಲಿಕೆಗಳ ಕಟ್ಟಡ ನಿಯಂತ್ರಣಕ್ಕೆ ಸಂಬಂಧಿಸಿದಂತೆ ಯಾವ ದೂರನ್ನು ಎಲ್ಲಿ, ಎಷ್ಟರೊಳಗೆ ಸಲ್ಲಿಸಬೇಕು ಎಂಬುದರ ವಿವರ ಇಲ್ಲಿದೆ.

ಯಾರ ಹೊಣೆ?

ಜಗಳೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಸೊಕ್ಕೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಇಲ್ಲಿ ಮನೆ, ಅಂಗಡಿ, ಗೋದಾಮು ಯಾವುದನ್ನೇ ಕಟ್ಟುವವರಿಗೆ ಅನ್ವಯಿಸುವುದು 1993ರ ಪಂಚಾಯತ್ ರಾಜ್ ಕಾಯ್ದೆ. ಇದು ಈಗ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ ಎಂಬ ಹೆಸರಿನಲ್ಲಿದೆ. ಇದರ ಸೆಕ್ಷನ್ 64ರ ಪ್ರಕಾರ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಇಲ್ಲದೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಇರುವುದನ್ನು ಮಾರ್ಪಡಿಸುವಂತೆಯೂ ಇಲ್ಲ. ಅನುಮತಿ ಇಲ್ಲದ ಕೆಲಸವನ್ನು ನಿಲ್ಲಿಸುವ, ತೆರವಿಗೆ ಸೂಚಿಸುವ ಅಧಿಕಾರ ಪಂಚಾಯಿತಿಗೇ ಇದೆ. ಕಚೇರಿಯ ಮಟ್ಟದಲ್ಲಿ ಇದರ ಹೊಣೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯದು (ಪಿಡಿಒ). ಚನ್ನಗಿರಿ, ಹೊನ್ನಾಳಿ, ನ್ಯಾಮತಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳಿಗೂ ಇದೇ ಕಾಯ್ದೆ.

ಸೊಕ್ಕೆಯಿಂದ ಜಗಳೂರು ಪಟ್ಟಣಕ್ಕೆ ಬಂದರೆ ಕಾಯ್ದೆ ಬದಲಾಗುತ್ತದೆ. ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗಳಿಗೆ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಅನ್ವಯ. ಅಲ್ಲಿ ದೂರು ಸ್ವೀಕರಿಸಬೇಕಾದವರು ಮುಖ್ಯಾಧಿಕಾರಿ ಅಥವಾ ಪೌರಾಯುಕ್ತರು. ದಾವಣಗೆರೆ ಮಹಾನಗರ ಪಾಲಿಕೆಗೆ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ ಇದೆ. ಅಲ್ಲಿ ಅಧಿಕಾರ ಆಯುಕ್ತರದು. ಬೆಂಗಳೂರಿಗೆ ಪ್ರತ್ಯೇಕ ಕಾನೂನು ಇದ್ದು, 2025ರ ಮೇ ತಿಂಗಳಿನಿಂದ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಯಲ್ಲಿದೆ.

ಮನೆ ಎಲ್ಲಿದೆ ಎಂಬುದರ ಮೇಲೆ ಕಾಯ್ದೆ, ಅಧಿಕಾರಿ, ಮೇಲ್ಮನವಿಯ ಜಾಗ ಬದಲಾಗುತ್ತವೆ. ಆದ್ದರಿಂದ ದೂರು ಬರೆಯುವ ಮುನ್ನ ಆ ಸ್ವತ್ತು ಯಾವ ಸಂಸ್ಥೆಯ ವ್ಯಾಪ್ತಿಯಲ್ಲಿದೆ ಎಂಬುದನ್ನು ಖಾತಾ ದಾಖಲೆಯಿಂದ ಖಚಿತಪಡಿಸಿಕೊಳ್ಳಬೇಕು. ತಪ್ಪು ಕಚೇರಿಗೆ ಕೊಟ್ಟ ಅರ್ಜಿ ವರ್ಗಾವಣೆಯಾಗಿ ಸರಿಯಾದ ಮೇಜನ್ನು ತಲುಪುವ ಹೊತ್ತಿಗೆ ಛಾವಣಿ ಬಿದ್ದಿರುತ್ತದೆ.

ಕಟ್ಟಡಕ್ಕೆ ಇಲ್ಲದ ಗಡುವು

ಅಕ್ರಮ ನಿರ್ಮಾಣದ ವಿರುದ್ಧ ಸ್ಥಳೀಯ ಸಂಸ್ಥೆಗೆ ದೂರು ನೀಡಲು ಇಷ್ಟೇ ದಿನಗಳೆಂಬ ಮಿತಿ ಇಲ್ಲ. ಕಟ್ಟಿ 10 ವರ್ಷವಾದ ಕಟ್ಟಡದ ಬಗ್ಗೆಯೂ ದೂರಬಹುದು. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಮೀರತ್‌ನ ವಸತಿ ಬಡಾವಣೆಯೊಂದರಲ್ಲಿ ತಲೆಯೆತ್ತಿದ್ದ ವಾಣಿಜ್ಯ ಕಟ್ಟಡಗಳ ಪ್ರಕರಣದಲ್ಲಿ ಈ ಮಾತನ್ನು ಸ್ಪಷ್ಟಪಡಿಸಿತು. ಕಾಲ ಕಳೆದ ಮಾತ್ರಕ್ಕೆ, ಅಧಿಕಾರಿಗಳು ಕ್ರಮ ಕೈಗೊಳ್ಳದ ಮಾತ್ರಕ್ಕೆ ಅಥವಾ ದೊಡ್ಡ ಮೊತ್ತ ಹೂಡಿದ ಮಾತ್ರಕ್ಕೆ ಅಕ್ರಮ ಕಟ್ಟಡ ಸಕ್ರಮವಾಗದು ಎಂಬುದು ಆ ತೀರ್ಪಿನ ಸಾರ. ಲೋಪವೆಸಗಿದ ಅಧಿಕಾರಿಗಳ ಮೇಲೂ ಕ್ರಮ ಆಗಬೇಕೆಂದು ನ್ಯಾಯಾಲಯ ಹೇಳಿತು.

ಇಂಗ್ಲೆಂಡಿನಲ್ಲಿ ಪದ್ಧತಿ ಬೇರೆ. ಅಲ್ಲಿ ಯೋಜನಾ ಅನುಮತಿ ಇಲ್ಲದೆ ಕಟ್ಟಿದ ಕಟ್ಟಡದ ಮೇಲೆ ಕೌನ್ಸಿಲ್ ನಿಗದಿತ ಅವಧಿಯೊಳಗೆ ಕ್ರಮ ಕೈಗೊಳ್ಳದಿದ್ದರೆ ಕಟ್ಟಡಕ್ಕೆ ರಕ್ಷಣೆ ಸಿಗುತ್ತದೆ. 4 ವರ್ಷ ಇದ್ದ ಈ ಅವಧಿಯನ್ನು 2024ರ ಏಪ್ರಿಲ್ 25ರಿಂದ 10 ವರ್ಷಕ್ಕೆ ಏರಿಸಲಾಯಿತು. ಕೌನ್ಸಿಲ್‌ನ ಲೋಪದ ಬಗ್ಗೆ ಅಲ್ಲಿನ ಓಂಬುಡ್ಸ್‌ಮನ್‌ಗೆ ದೂರು ನೀಡಲು ಸಾಮಾನ್ಯವಾಗಿ 12 ತಿಂಗಳ ಗಡುವು. ಕರ್ನಾಟಕದಲ್ಲಿ ಕಟ್ಟಡಕ್ಕೆ ಅಂಥ ರಕ್ಷಣೆ ಇಲ್ಲ. ಆದರೆ ಅಧಿಕಾರಿಯ ಲೋಪದ ಬಗ್ಗೆ ದೂರುವವರಿಗೆ ಇಲ್ಲಿರುವ ಅವಧಿ ಇಂಗ್ಲೆಂಡಿನ ಅರ್ಧದಷ್ಟೇ.

ರಾಜ್ಯದಲ್ಲಿ ‘ಅಕ್ರಮ-ಸಕ್ರಮ’ದ ಹೆಸರಿನಲ್ಲಿ ಜನರ ಮನಸ್ಸಿನಲ್ಲಿ ಉಳಿದಿರುವ ಗೊಂದಲವನ್ನೂ ಇಲ್ಲಿ ನಿವಾರಿಸಿಕೊಳ್ಳಬೇಕು. ವಸತಿ ಕಟ್ಟಡಗಳಲ್ಲಿ ಶೇ 50ರವರೆಗೆ, ವಸತಿಯೇತರ ಕಟ್ಟಡಗಳಲ್ಲಿ ಶೇ 25ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಈ ಯೋಜನೆ 2013ರ ಅಕ್ಟೋಬರ್ 19ಕ್ಕೆ ಮುಂಚಿನ ನಗರ ಪ್ರದೇಶದ ಕಟ್ಟಡಗಳಿಗೆ ಸೀಮಿತವಾಗಿತ್ತು. ಹೈಕೋರ್ಟ್ 2016ರ ಡಿಸೆಂಬರ್‌ನಲ್ಲಿ ಇದನ್ನು ಎತ್ತಿಹಿಡಿದರೂ ಸುಪ್ರೀಂ ಕೋರ್ಟ್ 2017ರ ಜನವರಿ 13ರಂದು ತಡೆ ನೀಡಿತು. ಆ ಯೋಜನೆ ಬರುತ್ತದೆ ಎಂಬ ಭರವಸೆಯ ಮೇಲೆ ಕಟ್ಟಿದ ಹೆಚ್ಚುವರಿ ಮಹಡಿಗೆ ಯಾವ ಬಲವೂ ಇಲ್ಲ. ಕಂದಾಯ ಕಟ್ಟಿದ ರಸೀದಿಯಾಗಲಿ, ಇ-ಸ್ವತ್ತು ತಂತ್ರಾಂಶದಿಂದ ಪಡೆದ ನಮೂನೆಗಳಾಗಲಿ ಕಟ್ಟಡ ಪರವಾನಗಿಗೆ ಬದಲಿಯಾಗುವುದಿಲ್ಲ.

ಗಡುವು ಇಲ್ಲವೆಂದು ತಡಮಾಡಬಾರದು ಎಂಬುದಕ್ಕೆ ದೊಡ್ಡ ಕಾರಣ ಕಾನೂನಿನದಲ್ಲ, ಜೀವದ್ದು. ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ನಿರ್ಮಾಣ ಹಂತದಲ್ಲಿದ್ದ ವಾಣಿಜ್ಯ ಕಟ್ಟಡ ಕುಸಿದು 19 ಮಂದಿ ಮೃತಪಟ್ಟರು. ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ 2024ರ ಅಕ್ಟೋಬರ್ 22ರಂದು ನಿರ್ಮಾಣ ಹಂತದ ಕಟ್ಟಡ ಉರುಳಿ 9 ಕಾರ್ಮಿಕರು ಸತ್ತರು. ಪರವಾನಗಿ, ನಕ್ಷೆ, ತಪಾಸಣೆ ಎಂಬ ಮಾತುಗಳು ಕಚೇರಿಯ ಕಾಗದದಂತೆ ಕಂಡರೂ ಅವು ಕಾಯುವುದು ಛಾವಣಿಯ ಕೆಳಗಿರುವವರನ್ನು.

ಲೋಕಾಯುಕ್ತ: 6 ತಿಂಗಳು, 5 ವರ್ಷ

ಸ್ಥಳೀಯ ಸಂಸ್ಥೆ ದೂರು ಪಡೆದೂ ಸುಮ್ಮನಿದ್ದರೆ ಮುಂದಿನ ಪ್ರಶ್ನೆ ಕಟ್ಟಡದ್ದಲ್ಲ, ಅಧಿಕಾರಿಯದು. ಅದಕ್ಕೆ ರಾಜ್ಯದಲ್ಲಿರುವ ಪ್ರಮುಖ ವೇದಿಕೆ 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯಡಿ ರಚನೆಯಾದ ಸಂಸ್ಥೆ. ಈ ಕಾಯ್ದೆ ದೂರುಗಳನ್ನು ಎರಡು ಬಗೆಯಾಗಿ ವಿಂಗಡಿಸುತ್ತದೆ. ಗಡುವು ನಿಂತಿರುವುದು ಈ ವಿಂಗಡಣೆಯ ಮೇಲೆಯೇ.

ಮೊದಲನೆಯದು ‘ಕುಂದುಕೊರತೆ’. ದುರಾಡಳಿತದಿಂದ ತನಗೆ ಅನ್ಯಾಯ ಅಥವಾ ಅತಿಯಾದ ತೊಂದರೆ ಆಯಿತು ಎಂಬ ದೂರು ಇದು. ಉದ್ದೇಶಪೂರ್ವಕ ನಿರ್ಲಕ್ಷ್ಯ, ಅನಗತ್ಯ ವಿಳಂಬ, ತಾರತಮ್ಯ ಇವೆಲ್ಲ ದುರಾಡಳಿತದ ವ್ಯಾಖ್ಯೆಯೊಳಗೆ ಬರುತ್ತವೆ. ‘ಪಕ್ಕದ ಮನೆಯವರು ಜಾಗ ಬಿಡದೆ ಕಟ್ಟುತ್ತಿದ್ದಾರೆಂದು ಮೂರು ಸಲ ಅರ್ಜಿ ಕೊಟ್ಟರೂ ಸ್ಥಳ ಪರಿಶೀಲನೆಗೆ ಯಾರೂ ಬರಲಿಲ್ಲ’ ಎಂಬುದು ಈ ಬಗೆಯ ದೂರು. ತಾನು ದೂರುತ್ತಿರುವ ಕ್ರಮ ಅಥವಾ ಲೋಪ ದೂರುದಾರನಿಗೆ ತಿಳಿದ ದಿನದಿಂದ 6 ತಿಂಗಳೊಳಗೆ ಇದನ್ನು ಸಲ್ಲಿಸಬೇಕು.

ಎರಡನೆಯದು ‘ಆಪಾದನೆ’. ಅಧಿಕಾರಿ ತನ್ನ ಸ್ಥಾನವನ್ನು ದುರುಪಯೋಗಪಡಿಸಿಕೊಂಡ, ಲಂಚ ಪಡೆದ, ಸ್ವಂತ ಲಾಭಕ್ಕಾಗಿ ಅಥವಾ ಬೇರೆಯವರ ಲಾಭಕ್ಕಾಗಿ ವರ್ತಿಸಿದ ಎಂಬ ದೂರು ಇದು. ‘ಹಣ ಪಡೆದು ನಕ್ಷೆಗೆ ವಿರುದ್ಧವಾದ ಮಹಡಿಗೆ ಅವಕಾಶ ಕೊಟ್ಟರು’ ಎಂಬುದು ಈ ಬಗೆಗೆ ಸೇರುತ್ತದೆ. ಇದಕ್ಕೆ ಘಟನೆ ನಡೆಯಿತೆನ್ನಲಾದ ದಿನದಿಂದ 5 ವರ್ಷಗಳ ಅವಧಿ ಇದೆ.

ಎರಡರ ಆರಂಭದ ದಿನ ಬೇರೆ ಬೇರೆ ಎಂಬುದನ್ನು ಗಮನಿಸಬೇಕು. ಕುಂದುಕೊರತೆಯ ಎಣಿಕೆ ಶುರುವಾಗುವುದು ‘ತಿಳಿದ ದಿನ’ದಿಂದ, ಆಪಾದನೆಯದು ‘ನಡೆದ ದಿನ’ದಿಂದ. ಹೊರ ರಾಜ್ಯದಲ್ಲಿದ್ದು ವರ್ಷಕ್ಕೊಮ್ಮೆ ಊರಿಗೆ ಬರುವವರಿಗೆ ಮೊದಲನೆಯದು ಅನುಕೂಲ. ಬಂದು ನೋಡಿದ ದಿನವೇ ತಿಳಿದ ದಿನ. ಆದರೆ ಅದನ್ನು ತೋರಿಸಲು ಪ್ರಯಾಣದ ಟಿಕೆಟ್, ದಿನಾಂಕವಿರುವ ಭಾವಚಿತ್ರ, ಅಂದೇ ಕೊಟ್ಟ ಅರ್ಜಿಯ ಸ್ವೀಕೃತಿ ಇಂಥದ್ದೇನಾದರೂ ಕೈಯಲ್ಲಿರಬೇಕು.

ಗಡುವು ಮೀರಿದರೆ ಬಾಗಿಲು ಪೂರ್ತಿ ಮುಚ್ಚಿತೆಂದಲ್ಲ. ವಿಳಂಬಕ್ಕೆ ಸಾಕಷ್ಟು ಕಾರಣವಿತ್ತೆಂದು ಮನವರಿಕೆಯಾದರೆ ಲೋಕಾಯುಕ್ತ ಅಥವಾ ಉಪಲೋಕಾಯುಕ್ತರು ದೂರನ್ನು ಪರಿಗಣಿಸಬಹುದು. ದೀರ್ಘ ಅನಾರೋಗ್ಯ, ಕಚೇರಿಯೇ ದಾಖಲೆ ಕೊಡದೆ ಸತಾಯಿಸಿದ್ದು ಮುಂತಾದವನ್ನು ದಾಖಲೆ ಸಮೇತ ಹೇಳಿಕೊಳ್ಳಬಹುದು. ‘ಮಾಡಿಕೊಡುತ್ತೇವೆ ಎಂದು ಬಾಯಿಮಾತಿನಲ್ಲಿ ಹೇಳಿದ್ದರು, ನಂಬಿದ್ದೆವು’ ಎಂಬ ಕಾರಣಕ್ಕೆ ಸಾಕ್ಷ್ಯ ಸಿಗುವುದು ಕಷ್ಟ.

ದೂರು ನಿಗದಿತ ನಮೂನೆಯಲ್ಲಿದ್ದು, ಅದರೊಡನೆ ಪ್ರಮಾಣಪತ್ರ (ಅಫಿಡವಿಟ್) ಇರಬೇಕು. ಗೊತ್ತಿದ್ದೂ ಸುಳ್ಳು ದೂರು ಕೊಟ್ಟವರಿಗೆ ಶಿಕ್ಷೆ ವಿಧಿಸಲು ಕಾಯ್ದೆಯಲ್ಲೇ ಅವಕಾಶವಿದೆ. ನೆರೆಯವರ ಮೇಲಿನ ಹಗೆ ತೀರಿಸಿಕೊಳ್ಳಲು ಇದು ದಾರಿಯಲ್ಲ. ಲೋಕಾಯುಕ್ತ ಸಂಸ್ಥೆ ತಾನೇ ಕಟ್ಟಡ ಕೆಡವುವುದೂ ಇಲ್ಲ. ಅದು ತನಿಖೆ ನಡೆಸಿ, ಸಂಬಂಧಪಟ್ಟ ಪ್ರಾಧಿಕಾರಕ್ಕೆ ವರದಿ ಮತ್ತು ಶಿಫಾರಸು ಕಳುಹಿಸುತ್ತದೆ.

ಇಲ್ಲೊಂದು ತೊಡಕು ಇದೆ. ಕುಂದುಕೊರತೆಯ ದೂರುದಾರನಿಗೆ ಮೇಲ್ಮನವಿಯಂಥ ಬೇರೆ ಪರಿಹಾರ ಲಭ್ಯವಿದ್ದು, ಅದನ್ನು ಬಳಸಿಕೊಳ್ಳದಿದ್ದರೆ ಲೋಕಾಯುಕ್ತರು ಸಾಮಾನ್ಯವಾಗಿ ತನಿಖೆ ನಡೆಸುವುದಿಲ್ಲ. ಅಂದರೆ ಮೇಲ್ಮನವಿಗೆ ಹೋಗಲೇಬೇಕು. ಹಾಗೆಂದು ಅದರ ತೀರ್ಪಿಗಾಗಿ ಕಾಯುತ್ತ ಕುಳಿತರೆ 6 ತಿಂಗಳು ಕಳೆದುಹೋಗುತ್ತದೆ. ಮೇಲ್ಮನವಿಯನ್ನು ಬೇಗನೆ ಸಲ್ಲಿಸಿ, ಅದು ಬಾಕಿ ಇರುವ ವಿಷಯವನ್ನು ದೂರಿನಲ್ಲಿ ಮುಚ್ಚಿಡದೆ ಬರೆಯುವುದೇ ಸರಿಯಾದ ದಾರಿ.

ಆದೇಶ ಬಂದ ಮೇಲೆ ದಿನಗಳ ಲೆಕ್ಕ

ಸ್ಥಳೀಯ ಸಂಸ್ಥೆ ಸುಮ್ಮನಿರುವುದು ಒಂದು ಸ್ಥಿತಿ. ದೂರನ್ನು ತಳ್ಳಿಹಾಕಿ ಲಿಖಿತ ಆದೇಶ ಕೊಡುವುದು ಇನ್ನೊಂದು. ಆದೇಶ ಬಂದರೆ ಲೆಕ್ಕ ತಿಂಗಳಿಂದ ದಿನಗಳಿಗೆ ಇಳಿಯುತ್ತದೆ.

ಗ್ರಾಮ ಪಂಚಾಯಿತಿಯ ಆದೇಶದಿಂದ ಬಾಧಿತರಾದವರು ಕಾಯ್ದೆಯ ಸೆಕ್ಷನ್ 269ರ ಅಡಿ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ (ಇಒ) ಮೇಲ್ಮನವಿ ಸಲ್ಲಿಸಬಹುದು. ಸೊಕ್ಕೆಯವರ ಮಟ್ಟಿಗೆ ಇದು ಜಗಳೂರಿನ ತಾಲ್ಲೂಕು ಪಂಚಾಯಿತಿ ಕಚೇರಿ. ಕಾನೂನಿಗೆ ವಿರುದ್ಧವಾದ ಪಂಚಾಯಿತಿ ನಿರ್ಣಯಗಳನ್ನು ಅಮಾನತಿನಲ್ಲಿಡಲು ಮೇಲಧಿಕಾರಿಗಳಿಗೆ ಸೆಕ್ಷನ್ 237ರಲ್ಲಿ ಅಧಿಕಾರವಿದೆ.

ಮಹಾನಗರ ಪಾಲಿಕೆಗಳಲ್ಲಿ ಸೆಕ್ಷನ್ 321ರ ಅಡಿ ಮೊದಲು ತಾತ್ಕಾಲಿಕ ಆದೇಶ, ಬಳಿಕ ಕಾರಣ ಕೇಳುವ ನೋಟಿಸ್, ಕೊನೆಗೆ ದೃಢೀಕರಣ ಆದೇಶ ಎಂಬ ಮೂರು ಹಂತಗಳಿವೆ. ದೃಢೀಕರಣ ಆದೇಶದ ಮೇಲೆ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಅಕ್ರಮ ನಿರ್ಮಾಣ ತಡೆಯದ ಅಧಿಕಾರಿಯನ್ನೇ ಹೊಣೆಯಾಗಿಸುವ ಸೆಕ್ಷನ್ 321-ಬಿ ಕೂಡ ಇದೇ ಕಾಯ್ದೆಯಲ್ಲಿದೆ. ದೂರಿನಲ್ಲಿ ಈ ಸೆಕ್ಷನ್ ಉಲ್ಲೇಖಿಸುವವರು ವಿರಳ.

ಮೇಲ್ಮನವಿಗೆ ಸಿಗುವ ಕಾಲಾವಕಾಶ ವರ್ಷಗಳದ್ದಲ್ಲ, ವಾರಗಳದ್ದು. ಆದೇಶದ ಪ್ರತಿ ಕೈಸೇರಿದ ದಿನವನ್ನು ಲಕೋಟೆಯ ಮೇಲೆಯೇ ಬರೆದಿಟ್ಟು, ಲಕೋಟೆಯನ್ನು ಎಸೆಯದೆ ಉಳಿಸಿಕೊಂಡು, ಆ ವಾರದಲ್ಲೇ ವಕೀಲರನ್ನು ಕಾಣುವುದು ಕ್ಷೇಮ.

ಕಟ್ಟಿದವರಿಗೂ ಹಕ್ಕುಗಳಿವೆ ಎಂಬುದನ್ನು ದೂರುದಾರರು ಮರೆಯಬಾರದು. ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರ ತೀರ್ಪಿನಲ್ಲಿ, ತೆರವಿಗೆ ಮುನ್ನ ಕನಿಷ್ಠ 15 ದಿನಗಳ ನೋಟಿಸ್ ನೀಡಬೇಕು, ಅಹವಾಲು ಆಲಿಸಬೇಕು, ಅಂತಿಮ ಆದೇಶದ ನಂತರವೂ 15 ದಿನ ಕಾಯಬೇಕು ಎಂದು ನಿರ್ದೇಶಿಸಿತು. ರಸ್ತೆ, ಪಾದಚಾರಿ ಮಾರ್ಗ, ರೈಲು ಹಳಿಯ ಪಕ್ಕ, ನದಿಪಾತ್ರದಂಥ ಸಾರ್ವಜನಿಕ ಸ್ಥಳದಲ್ಲಿರುವ ಅನಧಿಕೃತ ಕಟ್ಟಡಗಳಿಗೂ, ನ್ಯಾಯಾಲಯವೇ ತೆರವಿಗೆ ಆದೇಶಿಸಿದ ಪ್ರಕರಣಗಳಿಗೂ ಇದರಿಂದ ವಿನಾಯಿತಿ ಇದೆ. ಹೀಗಾಗಿ ಇಂದು ದೂರು ಕೊಟ್ಟು ನಾಳೆ ತೆರವನ್ನು ನಿರೀಕ್ಷಿಸುವಂತಿಲ್ಲ. ನಿರೀಕ್ಷಿಸಬಹುದಾದದ್ದು ಸ್ಥಳ ಪರಿಶೀಲನೆ ಮತ್ತು ಕೆಲಸ ನಿಲ್ಲಿಸುವ ನೋಟಿಸ್.

ಮಾಹಿತಿ ಹಕ್ಕು: ನೆರವೂ ಹೌದು, ಬಲೆಯೂ ಹೌದು

ಪಕ್ಕದ ಕಟ್ಟಡಕ್ಕೆ ಪರವಾನಗಿ ಇದೆಯೇ, ಅನುಮೋದಿತ ನಕ್ಷೆಯಲ್ಲಿ ಎಷ್ಟು ಮಹಡಿ ಇದೆ, ಸುತ್ತ ಎಷ್ಟು ಜಾಗ ಬಿಡಬೇಕಿತ್ತು ಎಂಬುದನ್ನು ತಿಳಿಯಲು 2005ರ ಮಾಹಿತಿ ಹಕ್ಕು ಕಾಯ್ದೆ ಅತ್ಯುತ್ತಮ ಸಾಧನ. ಅರ್ಜಿ ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. 30 ದಿನಗಳೊಳಗೆ ಉತ್ತರ ಬರಬೇಕು. ಬಾರದಿದ್ದರೆ ಅಥವಾ ತೃಪ್ತಿಯಾಗದಿದ್ದರೆ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು. ಅದರ ತೀರ್ಮಾನಕ್ಕೆ 30ರಿಂದ 45 ದಿನ. ಅನಂತರ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ.

ಈ ದಿನಗಳನ್ನು ಕೂಡಿಸಿ ನೋಡಬೇಕು. ಅರ್ಜಿಗೆ 30, ಮೇಲ್ಮನವಿ ಸಲ್ಲಿಸಲು 30, ತೀರ್ಮಾನಕ್ಕೆ 45. ಒಟ್ಟು 105 ದಿನ. ಅಂದರೆ ಮೊದಲ ಮೇಲ್ಮನವಿ ಮುಗಿಯುವಷ್ಟರಲ್ಲೇ ಮೂರೂವರೆ ತಿಂಗಳು ಕಳೆದಿರುತ್ತದೆ. ಆಯೋಗದ ಮುಂದೆ ಸರದಿ ಬರುವವರೆಗೆ ಕಾದರೆ ಲೋಕಾಯುಕ್ತದ 6 ತಿಂಗಳ ಗಡುವು ದಾಟಿಹೋಗುವುದು ಬಹುತೇಕ ಖಚಿತ. ದಾಖಲೆ ಸಿಕ್ಕ ಮೇಲೆ ದೂರು ಕೊಡೋಣ ಎನ್ನುವ ಬದಲು, ದೂರು ಮತ್ತು ಮಾಹಿತಿ ಅರ್ಜಿ ಎರಡನ್ನೂ ಒಂದೇ ದಿನ ಕೊಡುವುದು ಜಾಣತನ. ದಾಖಲೆ ಬಂದಾಗ ಅದನ್ನು ಹೆಚ್ಚುವರಿಯಾಗಿ ಲಗತ್ತಿಸಬಹುದು.

ಪರವಾನಗಿಗೆ ಅರ್ಜಿ ಹಾಕಿದವರ ಸಂಕಷ್ಟ ಬೇರೆ. ಕಚೇರಿ ಪರವಾನಗಿಯನ್ನೇ ಕೊಡದೆ ಕಾಯಿಸುತ್ತಿದ್ದರೆ ಅದಕ್ಕೆ 2011ರ ಸಕಾಲ ಕಾಯ್ದೆ ಇದೆ. ಸಕಾಲ ಪಟ್ಟಿಯಲ್ಲಿರುವ ಸೇವೆ ನಿಗದಿತ ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ವೆಚ್ಚಕ್ಕೆ ಅರ್ಜಿದಾರ ಅರ್ಹ. ಮೊತ್ತ ಚಿಕ್ಕದಾದರೂ ಸಕಾಲ ಸಂಖ್ಯೆಯಿಂದ ಅರ್ಜಿ ಯಾವ ದಿನ ಯಾರ ಮೇಜಿನಲ್ಲಿತ್ತು ಎಂಬುದು ದಾಖಲಾಗುತ್ತದೆ.

ನ್ಯಾಯಾಲಯದ ಗಡಿಯಾರ

ಮೇಲಿನ ದಾರಿಗಳು ಫಲಿಸದಿದ್ದರೆ ಅಥವಾ ಕಾಯಲು ಸಮಯವೇ ಇಲ್ಲದಿದ್ದರೆ ಸಿವಿಲ್ ನ್ಯಾಯಾಲಯವಿದೆ. ದಾವೆಗಳ ಅವಧಿಯನ್ನು 1963ರ ಕಾಲಮಿತಿ ಕಾಯ್ದೆ ನಿರ್ಧರಿಸುತ್ತದೆ. ಹಕ್ಕು ಘೋಷಣೆಯ ದಾವೆಗೆ 3 ವರ್ಷ. ನಿರ್ದಿಷ್ಟ ಅವಧಿ ಹೇಳದ ಇತರ ದಾವೆಗಳಿಗೂ 3 ವರ್ಷ. ನೆರೆಯವರು ಜಾಗವನ್ನೇ ಒತ್ತುವರಿ ಮಾಡಿ ಗೋಡೆ ಎತ್ತಿದ್ದರೆ, ಮಾಲೀಕತ್ವದ ಆಧಾರದ ಮೇಲೆ ಸ್ವಾಧೀನ ಮರಳಿ ಪಡೆಯುವ ದಾವೆಗೆ 12 ವರ್ಷ. ಸಾರ್ವಜನಿಕ ಬೀದಿ ಅಥವಾ ರಸ್ತೆಯ ಭಾಗ ಒತ್ತುವರಿಯಾಗಿದ್ದರೆ ಅದನ್ನು ಮರಳಿ ಪಡೆಯಲು ಸ್ಥಳೀಯ ಸಂಸ್ಥೆಗೆ 30 ವರ್ಷಗಳ ಅವಕಾಶವಿದೆ. ‘ಹತ್ತು ವರ್ಷವಾಯಿತು, ಈಗೇನೂ ಮಾಡಲಾಗದು’ ಎಂದು ಕಚೇರಿಯಲ್ಲಿ ಉತ್ತರ ಬಂದರೆ ಈ 30 ವರ್ಷಗಳ ನಿಯಮವನ್ನು ನೆನಪಿಸಬಹುದು.

ಗಾಳಿ-ಬೆಳಕಿನ ಹಕ್ಕಿನ ಲೆಕ್ಕ ಬೇರೆ. ಕಿಟಕಿಯ ಮೂಲಕ 20 ವರ್ಷ ನಿರಂತರವಾಗಿ, ಯಾರ ಅಡ್ಡಿಯೂ ಇಲ್ಲದೆ ಬೆಳಕು-ಗಾಳಿ ಅನುಭವಿಸಿದ್ದರೆ ಅದು ಹಕ್ಕಾಗುತ್ತದೆ. ಆದರೆ ಎದುರು ಗೋಡೆ ಎದ್ದ ಮೇಲೆ ಸುಮ್ಮನಿದ್ದರೆ ಹಕ್ಕಿಗೆ ಕುತ್ತು. ಆ 20 ವರ್ಷದ ಅವಧಿಯು ದಾವೆ ಹೂಡುವ ದಿನಕ್ಕೆ ಮುಂಚಿನ 2 ವರ್ಷಗಳೊಳಗೆ ಕೊನೆಗೊಂಡಿರಬೇಕು. ಅಡ್ಡಿಯನ್ನು ತಿಳಿದೂ 1 ವರ್ಷ ಸಹಿಸಿಕೊಂಡಿದ್ದರೆ ಅದನ್ನು ಕಾನೂನು ಅನುಭವ ಕಡಿದುಹೋದಂತೆ ಎಣಿಸುತ್ತದೆ.

ಇನ್ನೊಂದು ಮುಖ್ಯ ನಿಯಮ: ಮೇಲ್ಮನವಿ ಮತ್ತು ಅರ್ಜಿಗಳಲ್ಲಿ ಆದ ವಿಳಂಬವನ್ನು ಸಕಾರಣವಿದ್ದರೆ ನ್ಯಾಯಾಲಯ ಮನ್ನಿಸಬಹುದು, ದಾವೆ ಹೂಡುವುದರಲ್ಲಿ ಆದ ವಿಳಂಬಕ್ಕೆ ಆ ಮನ್ನಣೆ ಇಲ್ಲ. ಆದರೆ ನೆರೆಮನೆಯ ಛಾವಣಿ ನೀರು ಪ್ರತಿ ಮಳೆಗೂ ಅಂಗಳಕ್ಕೆ ಬೀಳುವಂಥ ಮುಂದುವರಿಯುವ ಹಾನಿಗೆ ಹಾನಿ ಇರುವವರೆಗೂ ಅವಧಿ ಹೊಸದಾಗಿ ಓಡುತ್ತಲೇ ಇರುತ್ತದೆ.

ಸಂಸ್ಥೆಯನ್ನೇ ಪ್ರತಿವಾದಿಯಾಗಿಸುವವರು ನೋಟಿಸ್ ನಿಯಮ ಗಮನಿಸಬೇಕು. ಸರ್ಕಾರ ಅಥವಾ ಅಧಿಕೃತ ಕರ್ತವ್ಯದಲ್ಲಿದ್ದ ಸಾರ್ವಜನಿಕ ಅಧಿಕಾರಿಯ ವಿರುದ್ಧ ದಾವೆಗೆ 2 ತಿಂಗಳ ಮುಂಚಿತ ನೋಟಿಸ್ ಬೇಕು. ತುರ್ತಿದ್ದರೆ ನ್ಯಾಯಾಲಯದ ಅನುಮತಿ ಪಡೆದು ನೋಟಿಸ್ ಇಲ್ಲದೆಯೂ ಹೋಗಬಹುದು. ಮಹಾನಗರ ಪಾಲಿಕೆ ಕಾಯ್ದೆಯ ಸೆಕ್ಷನ್ 482ರಲ್ಲಿ ಪಾಲಿಕೆಯ ವಿರುದ್ಧದ ದಾವೆಗೆ 60 ದಿನಗಳ ನೋಟಿಸ್ ಮತ್ತು 6 ತಿಂಗಳ ಕಾಲಮಿತಿ ಇದೆ. ಸಾಮಾನ್ಯ ಕಾಯ್ದೆಯ 3 ವರ್ಷವನ್ನು ನಂಬಿ ಕುಳಿತವರು ಎಡವುವುದು ಇಲ್ಲಿಯೇ.

ಹೈಕೋರ್ಟ್‌ಗೆ ರಿಟ್ ಅರ್ಜಿ ಸಲ್ಲಿಸಲು ನಿಗದಿತ ಗಡುವು ಇಲ್ಲ. ಆದರೂ ವಿನಾಕಾರಣ ತಡಮಾಡಿ ಬಂದವರಿಗೆ ಪರಿಹಾರ ನಿರಾಕರಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ‘ದೂರನ್ನು ಇಷ್ಟು ವಾರಗಳೊಳಗೆ ಇತ್ಯರ್ಥಪಡಿಸಿ’ ಎಂದು ಸ್ಥಳೀಯ ಸಂಸ್ಥೆಗೆ ನಿರ್ದೇಶನ ಪಡೆಯುವುದು ಇಂಥ ಅರ್ಜಿಗಳ ಸಾಮಾನ್ಯ ಉದ್ದೇಶ. ಅದಕ್ಕೆ ಮೊದಲು ಲಿಖಿತ ದೂರು ಕೊಟ್ಟಿರಬೇಕು. ದಾವಣಗೆರೆ ಜಿಲ್ಲೆಯ ಪ್ರಕರಣಗಳು ಬೆಂಗಳೂರಿನ ಪ್ರಧಾನ ಪೀಠಕ್ಕೆ ಹೋಗುತ್ತವೆ. ನೆರೆಯ ಹಾವೇರಿ ಜಿಲ್ಲೆಯವು ಧಾರವಾಡ ಪೀಠಕ್ಕೆ.

ಬೇಗನೆ ಎಚ್ಚೆತ್ತವರ ಹೋರಾಟ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ನೊಯಿಡಾದ ಸೂಪರ್‌ಟೆಕ್ ಅವಳಿ ಗೋಪುರಗಳು ಸಾಕ್ಷಿ. ನಿವಾಸಿಗಳ ಸಂಘ 2012ರಲ್ಲಿ ಅಲಹಾಬಾದ್ ಹೈಕೋರ್ಟ್ ಮೊರೆಹೋದಾಗ ಗೋಪುರಗಳು ಇನ್ನೂ ಏರುತ್ತಿದ್ದವು. 2014ರಲ್ಲಿ ಹೈಕೋರ್ಟ್, 2021ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ತೆರವಿಗೆ ಆದೇಶಿಸಿದವು. 2022ರ ಆಗಸ್ಟ್ 28ರಂದು ಗೋಪುರಗಳು ನೆಲಸಮವಾದವು. ತೀರ್ಪಿಗೆ ಹಲವು ವರ್ಷ ಹಿಡಿದರೂ ದೂರು ತಡವಾಗಿರಲಿಲ್ಲ.

ನಿವೃತ್ತಿಯ ನೆರಳು

ಕಟ್ಟಡ ನಿಯಂತ್ರಣದ ದೂರುಗಳಲ್ಲಿ ಕಣ್ಣಿಗೆ ಬೀಳದ ಗಡುವು ಒಂದಿದೆ. ಅದು ಅಧಿಕಾರಿಯ ನಿವೃತ್ತಿ. ಸೇವೆಯಲ್ಲಿರುವಾಗ ಇಲಾಖಾ ವಿಚಾರಣೆ ಆರಂಭವಾಗದಿದ್ದರೆ, ನಿವೃತ್ತಿಯ ನಂತರ 4 ವರ್ಷಕ್ಕಿಂತ ಹಿಂದಿನ ಘಟನೆಯ ಬಗ್ಗೆ ಸರ್ಕಾರಿ ನೌಕರನ ಮೇಲೆ ವಿಚಾರಣೆ ಆರಂಭಿಸಲು ಕರ್ನಾಟಕ ನಾಗರಿಕ ಸೇವಾ ನಿಯಮಗಳ 214ನೇ ನಿಯಮ ಅವಕಾಶ ಕೊಡುವುದಿಲ್ಲ. ಆಪಾದನೆಗೆ ಲೋಕಾಯುಕ್ತ ಕಾಯ್ದೆ 5 ವರ್ಷ ಕೊಟ್ಟಿದ್ದರೂ, ಆ ಅಧಿಕಾರಿ ನಿವೃತ್ತಿಯ ಅಂಚಿನಲ್ಲಿದ್ದರೆ ಕೈಯಲ್ಲಿರುವ ಸಮಯ ಅದಕ್ಕಿಂತ ಕಡಿಮೆ. ದೂರು ಸಲ್ಲಿಕೆ, ಪ್ರಾಥಮಿಕ ತನಿಖೆ, ವರದಿ, ಸರ್ಕಾರದ ತೀರ್ಮಾನ ಎಲ್ಲವೂ ಆ 4 ವರ್ಷದೊಳಗೆ ಮುಗಿದು ವಿಚಾರಣೆ ಶುರುವಾಗಬೇಕು.

ದಂಡ ಮಾತ್ರ ವಿಧಿಸಬಹುದಾದ ಅಪರಾಧಗಳಿಗೂ ಮಿತಿ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 514ರಂತೆ ಅಂಥ ಅಪರಾಧವನ್ನು ನ್ಯಾಯಾಲಯ ಪರಿಗಣಿಸಲು 6 ತಿಂಗಳ ಅವಧಿ. ಮುಂದುವರಿಯುತ್ತಿರುವ ಅಪರಾಧವಾದರೆ ಮಾತ್ರ ಎಣಿಕೆ ಹೊಸದಾಗಿ ಓಡುತ್ತದೆ.

ಫ್ಲ್ಯಾಟ್ ಕೊಂಡವರಿಗೆ

ನಗರಗಳಲ್ಲಿ ದೂರು ನೆರೆಮನೆಯ ಮೇಲಲ್ಲದೆ, ತಾವೇ ಕೊಂಡ ಕಟ್ಟಡದ ಮೇಲೂ ಇರಬಹುದು. ರೇರಾ ಕಾಯ್ದೆಯಡಿ ಬರುವ ಯೋಜನೆಗಳಲ್ಲಿ ಸ್ವಾಧೀನ ಪಡೆದ ದಿನದಿಂದ 5 ವರ್ಷದೊಳಗೆ ಕಾಣಿಸಿಕೊಂಡ ರಚನಾ ದೋಷವನ್ನು ನಿರ್ಮಾಣ ಸಂಸ್ಥೆ ಗಮನಕ್ಕೆ ತಂದ 30 ದಿನಗಳೊಳಗೆ ಉಚಿತವಾಗಿ ಸರಿಪಡಿಸಬೇಕು. ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ ವ್ಯಾಜ್ಯ ಕಾರಣ ಹುಟ್ಟಿದ ದಿನದಿಂದ 2 ವರ್ಷ. ಇವೆರಡೂ ಕಟ್ಟಿಸಿಕೊಟ್ಟವರ ವಿರುದ್ಧದ ಪರಿಹಾರಗಳು. ನಕ್ಷೆ ಉಲ್ಲಂಘನೆಯನ್ನು ತಡೆಯದ ಪಾಲಿಕೆ ಅಧಿಕಾರಿಯ ವಿರುದ್ಧದ ದೂರಿಗೆ ಮೇಲೆ ಹೇಳಿದ ಗಡುವುಗಳೇ ಅನ್ವಯ.

ದೂರುದಾರರು ಮಾಡಬೇಕಾದದ್ದು

* ಪಾಯ ತೋಡುವಾಗಲೇ ದೂರು ಕೊಡುವುದು ಉತ್ತಮ. ಛಾವಣಿ ಹಾಕುವ ಮುನ್ನ ಬಂದವರಿಗೆ ನ್ಯಾಯಾಲಯದಲ್ಲಿ ತಡೆಯಾಜ್ಞೆ ಸಿಗುವ ಸಾಧ್ಯತೆ ಹೆಚ್ಚು. ಗೃಹಪ್ರವೇಶವಾದ ಮೇಲೆ ಬಂದವರಿಗೆ ಅದು ಕಡಿಮೆ.
* ದೂರು ಲಿಖಿತವಾಗಿರಲಿ. ಕಚೇರಿಯ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಪಡೆಯಬೇಕು. ಸ್ವೀಕರಿಸಲು ನಿರಾಕರಿಸಿದರೆ ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ ರಸೀದಿ ಇಟ್ಟುಕೊಳ್ಳಬೇಕು.
* ಪ್ರತಿ ಹಂತದ ಭಾವಚಿತ್ರವನ್ನು ದಿನಾಂಕ ಸಮೇತ ತೆಗೆದಿಡಬೇಕು.
* ಹಳ್ಳಿಗಳಲ್ಲಿ ಗ್ರಾಮಸಭೆಯಲ್ಲಿ ವಿಷಯ ಪ್ರಸ್ತಾಪಿಸಿ ನಡಾವಳಿಯಲ್ಲಿ ದಾಖಲಿಸುವಂತೆ ಕೇಳಬಹುದು. ಆದರೆ ಗ್ರಾಮಸಭೆ ನಡೆಯುವುದು 6 ತಿಂಗಳಿಗೊಮ್ಮೆ. ಅದಕ್ಕಾಗಿ ಕಾದು ಲೋಕಾಯುಕ್ತದ 6 ತಿಂಗಳು ಕಳೆದುಕೊಳ್ಳಬಾರದು.
* ಕ್ಯಾಲೆಂಡರಿನಲ್ಲಿ ಎರಡು ದಿನ ಗುರುತಿಸಿಡಬೇಕು: ಲೋಪ ತಿಳಿದ ದಿನ, ಮತ್ತು ಅಲ್ಲಿಂದ 5 ತಿಂಗಳು ತುಂಬುವ ದಿನ. ಎರಡನೆಯ ದಿನದೊಳಗೆ ಕ್ರಮ ಆಗದಿದ್ದರೆ ಲೋಕಾಯುಕ್ತದ ದೂರು ಸಿದ್ಧವಾಗಿರಬೇಕು.
* ಹಳೆಯ ಅರ್ಜಿಗೆ ನೆನಪೋಲೆ ಕೊಟ್ಟ ಮಾತ್ರಕ್ಕೆ ಗಡುವು ಹೊಸದಾಗಿ ಶುರುವಾಗುತ್ತದೆ ಎಂದು ಭಾವಿಸಬಾರದು.

ಗಡುವುಗಳು ಒಂದು ನೋಟದಲ್ಲಿ

* ಅಕ್ರಮ ಕಟ್ಟಡದ ಬಗ್ಗೆ ಸ್ಥಳೀಯ ಸಂಸ್ಥೆಗೆ ದೂರು: ಮಿತಿ ಇಲ್ಲ
* ಲೋಕಾಯುಕ್ತ, ಕುಂದುಕೊರತೆ: ತಿಳಿದ ದಿನದಿಂದ 6 ತಿಂಗಳು
* ಲೋಕಾಯುಕ್ತ, ಆಪಾದನೆ: ನಡೆದ ದಿನದಿಂದ 5 ವರ್ಷ
* ನಿವೃತ್ತ ನೌಕರನ ಮೇಲೆ ಹೊಸ ಇಲಾಖಾ ವಿಚಾರಣೆ: ಘಟನೆಯಿಂದ 4 ವರ್ಷ
* ಮಾಹಿತಿ ಹಕ್ಕು: ಉತ್ತರಕ್ಕೆ 30 ದಿನ, ಮೊದಲ ಮೇಲ್ಮನವಿಗೆ 30 ದಿನ, ಎರಡನೆಯದಕ್ಕೆ 90 ದಿನ
* ಮಹಾನಗರ ಪಾಲಿಕೆ ವಿರುದ್ಧ ದಾವೆ: 60 ದಿನಗಳ ನೋಟಿಸ್, 6 ತಿಂಗಳ ಮಿತಿ
* ಹಕ್ಕು ಘೋಷಣೆ: 3 ವರ್ಷ, ಒತ್ತುವರಿ ಜಾಗದ ಸ್ವಾಧೀನ: 12 ವರ್ಷ
* ಸಾರ್ವಜನಿಕ ರಸ್ತೆ ಮರಳಿ ಪಡೆಯಲು ಸ್ಥಳೀಯ ಸಂಸ್ಥೆಗೆ: 30 ವರ್ಷ
* ಹೈಕೋರ್ಟ್ ರಿಟ್: ನಿಗದಿತ ಗಡುವು ಇಲ್ಲ, ಅನಗತ್ಯ ವಿಳಂಬ ಸಲ್ಲದು

ಈ ಪಟ್ಟಿಯಲ್ಲಿ ಸ್ಥಳೀಯ ಸಂಸ್ಥೆಗೆ 30 ವರ್ಷ ಇದೆ. ಅದರ ಲೋಪವನ್ನು ಪ್ರಶ್ನಿಸುವ ನಾಗರಿಕನಿಗೆ 6 ತಿಂಗಳು. ಕಾನೂನು ಬದಲಾಗುವವರೆಗೆ ಈ ಅಂತರವನ್ನು ತುಂಬಬಲ್ಲದ್ದು ದಿನಾಂಕ ಮತ್ತು ಮೊಹರು ಇರುವ ಒಂದು ಹಾಳೆ ಮಾತ್ರ. ಸೊಕ್ಕೆಯ ಪಂಚಾಯಿತಿ ಕಚೇರಿಯಲ್ಲಾಗಲಿ, ದಾವಣಗೆರೆಯ ಪಾಲಿಕೆಯಲ್ಲಾಗಲಿ ಆ ಸ್ವೀಕೃತಿಯನ್ನು ಕೇಳಿ ಪಡೆಯುವುದು ನಾಗರಿಕರ ಹಕ್ಕು.